ಐದು ಕೊಳವೆ, ಹನ್ನೆರಡು ಸ್ವರ

ಓದುಗರ ಪತ್ರ: ಅಟ್ಲಾಂಟಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಹಳೇ ಕಾರುಗಳ ಪ್ರದರ್ಶನದಲ್ಲಿ ಕಿತ್ತಳೆ ಬಣ್ಣದ ಕಾರೊಂದನ್ನು ಕಂಡೆ. ಹಾರ್ನ್ ಒತ್ತಿದರೆ ಹಾಡು! ನಾನು ಖುಷಿಪಟ್ಟಿದ್ದು ನೋಡಿ ಅಳಿಯ ಅಂಥದ್ದೇ ಹಾರ್ನ್ ಕೊಡಿಸಿದ್ದಾನೆ. ಆದರೆ ಮಗಳು ಮುಖ ಸಿಂಡರಿಸಿದಳು. ಆ ಹಾಡು ಯಾವುದು? ನನ್ನ ಜೀಪಿಗೆ ಹಾಕಿಸಬಹುದೆ? (ತೀರ್ಥಹಳ್ಳಿಯಿಂದ)

ಸಂಪಾದಕರ ಉತ್ತರ:

ಮಾನ್ಯರೇ, ನೀವು ಕಂಡಿದ್ದು ‘ಜನರಲ್ ಲೀ’. 1979ರಿಂದ 1985ರವರೆಗೆ ಸಿಬಿಎಸ್ ವಾಹಿನಿಯಲ್ಲಿ ಬಂದ ‘ದ ಡ್ಯೂಕ್ಸ್ ಆಫ್ ಹ್ಯಾಜರ್ಡ್’ ಧಾರಾವಾಹಿಯ ಕಾರು. 1969ರ ಮಾದರಿಯ ಡಾಡ್ಜ್ ಚಾರ್ಜರ್. ಬಾಗಿಲ ಮೇಲೆ 01. ಬಾಗಿಲು ತೆರೆಯುವಂತಿಲ್ಲ, ಬೆಸುಗೆ ಹಾಕಿಬಿಟ್ಟಿದೆ. ಕಥೆಯ ಹುಡುಗರು ಕಿಟಕಿಯಿಂದಲೇ ಒಳಗೆ ತೂರುತ್ತಾರೆ. ಕಂತಿಗೊಂದರಂತೆ ಹಳ್ಳ, ತೊರೆ ಹಾರುತ್ತಾರೆ. ಹಾರಿದ ಕಾರು ನೆಲಕ್ಕೆ ಬಿದ್ದಮೇಲೆ ಸಾಮಾನ್ಯವಾಗಿ ಗುಜರಿಗೇ ಹೋಗುತ್ತಿತ್ತು. ಹಾಗೆ ನುಗ್ಗಾದವು ನೂರಾರು.

ಮೊದಲ ಕಂತುಗಳ ಚಿತ್ರೀಕರಣ ನಡೆದಿದ್ದು ನಿಮ್ಮ ಮಗಳಿರುವ ಜಾರ್ಜಿಯಾ ರಾಜ್ಯದಲ್ಲೇ. ಹಾರ್ನಿನ ವಿಚಾರ ಮೊದಲು ಯಾರ ತಲೆಯಲ್ಲೂ ಇರಲಿಲ್ಲವಂತೆ. ಊರಿನವನೊಬ್ಬ ಅದನ್ನು ಬಾರಿಸುತ್ತ ಹಾದುಹೋದನಂತೆ, ತಂಡದವರು ಅವನ ಹಿಂದೆ ಓಡಿದರಂತೆ. ಕಥೆ ಹಾಗಿದೆ.

ಈಗ ನಿಮ್ಮ ಹಾರ್ನಿನ ಪೆಟ್ಟಿಗೆ ಬಿಚ್ಚಿ ನೋಡಿ: ಬೇರೆ ಬೇರೆ ಉದ್ದದ ಐದು ಕೊಳವೆ, ಒಂದು ಪುಟ್ಟ ಕಂಪ್ರೆಸರ್. ಗಾಳಿ ಯಾವ ಹೊತ್ತಿಗೆ ಯಾವ ಕೊಳವೆಗೆ ಎಂಬುದು ಸರದಿಯ ಪ್ರಕಾರ. ನುಡಿಯುವುದು ಹನ್ನೆರಡು ಸ್ವರ. ಐದೇ ಕೊಳವೆ ಹೇಗೆ ಸಾಕಾಯಿತು ಎಂದು ನಾನೂ ಒಮ್ಮೆ ಹಾರ್ಮೋನಿಯಂ ಮುಂದೆ ಕೂತು ಹುಡುಕಿದ್ದೆ. ಪ ಗ ಸ ಸ ಸ ರಿ ಗ ಮ ಪ ಪ ಪ ಗ. ಇಷ್ಟೇ. ಸರಿಗಮಪ ದಾಟಿ ಅದು ಮೇಲಕ್ಕೆ ಹೋಗುವುದೇ ಇಲ್ಲ!

ಹಾಡಿನ ಹೆಸರು ‘ಡಿಕ್ಸಿ’. ಮಗಳು ಮುಖ ಸಿಂಡರಿಸಿದ್ದು ಇದಕ್ಕೇ ಇರಬೇಕು. 1859ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ಇದನ್ನು ಹಾಡಿದ್ದು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರು. ಬರೆದವನೆಂದು ಹೆಸರಾದ ಡ್ಯಾನ್ ಎಮ್ಮೆಟ್ ಉತ್ತರದ ಒಹಾಯೊದವನು. ಹತ್ತಿ ಬೆಳೆಯುವ ದಕ್ಷಿಣದ ನಾಡಿಗೆ ಮರಳಬೇಕೆಂದು ಕರಿಯನೊಬ್ಬ ಹಂಬಲಿಸುತ್ತಾನೆ ಎಂಬುದು ಹಾಡಿನ ಭಾವ. ಬೆನ್ನ ಮೇಲೆ ಬಾಸುಂಡೆ ಎಬ್ಬಿಸಿದ ಹೊಲಕ್ಕೆ ಹಂಬಲವಂತೆ! ಎರಡೇ ವರ್ಷದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದಿಂದ ಬೇರೆಯಾಗಿ ಯುದ್ಧಕ್ಕಿಳಿದ ದಕ್ಷಿಣದ ರಾಜ್ಯಗಳು ಅದನ್ನು ನಾಡಗೀತೆಯ ಹಾಗೆ ನುಡಿಸಿದವು. 1865ರಲ್ಲಿ ಆ ರಾಜ್ಯಗಳ ಸೇನೆಯ ಜನರಲ್ ಲೀ (ಕಾರಿಗೆ ಅವನದೇ ಹೆಸರು) ಶರಣಾದ ಮರುದಿನ ಲಿಂಕನ್ ಬ್ಯಾಂಡಿನವರಿಂದ ಇದೇ ಹಾಡು ನುಡಿಸಿದರು. ಯುದ್ಧ ಗೆದ್ದಾಯಿತು, ಹಾಡೂ ನಮ್ಮದೇ ಆಯಿತು ಎಂಬ ತಮಾಷೆ ಅವರದು. ಆ ತಮಾಷೆ ದಕ್ಷಿಣಕ್ಕೆ ನಾಟಿದಂತಿಲ್ಲ.

ಕಾರಿನ ಛಾವಣಿಯ ಮೇಲಿದ್ದದ್ದೂ ಅದೇ ಸೇನೆಯ ಬಾವುಟ. 2015ರ ಜೂನ್‌ನಲ್ಲಿ ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ ಒಂಬತ್ತು ಮಂದಿ ಕರಿಯರನ್ನು ಗುಂಡಿಟ್ಟು ಕೊಂದ ಮೇಲೆ ಬಾವುಟದ ಚರ್ಚೆ ಭುಗಿಲೆದ್ದಿತು. ಧಾರಾವಾಹಿ ನಿರ್ಮಿಸಿದ ವಾರ್ನರ್ ಬ್ರದರ್ಸ್ ಬಾವುಟವಿರುವ ಆಟಿಕೆ ಕಾರುಗಳಿಗೆ ಅನುಮತಿ ನಿಲ್ಲಿಸಿತು, ಟಿವಿ ಲ್ಯಾಂಡ್ ವಾಹಿನಿ ಧಾರಾವಾಹಿಯ ಮರುಪ್ರಸಾರ ಕೈಬಿಟ್ಟಿತು. ಒಂದು ಜನರಲ್ ಲೀಯ ಮಾಲೀಕನಾಗಿದ್ದ ಗಾಲ್ಫ್ ಆಟಗಾರ ಬಬ್ಬಾ ವಾಟ್ಸನ್, ಛಾವಣಿಗೆ ಅಮೆರಿಕದ ಬಾವುಟ ಬರೆಸುತ್ತೇನೆ ಎಂದ. ಗದ್ದಲವೆಲ್ಲ ಕಣ್ಣಿಗೆ ಕಾಣುವ ಬಣ್ಣದ್ದು. ಬಾನೆಟ್ಟಿನೊಳಗಿನ ಹಾರ್ನ್ ಹೇಳುತ್ತಿದ್ದದ್ದೂ ಅದೇ ಮಾತು ಅಲ್ಲವೇ? ಆ ಧಾರಾವಾಹಿ ನೋಡಿ ಬೆಳೆದವರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ನಿಮಗಾದಂತೆ ಅವರಿಗೂ ಖುಷಿಯಾಗಿದೆ. ನನಗೂ ಆಗಿತ್ತು, ಹಾಡಿನ ಕಥೆ ಓದುವ ತನಕ.

ಜೀಪಿನ ವಿಷಯ: ಬೇಡ. ಕೇಂದ್ರ ಮೋಟಾರು ವಾಹನ ನಿಯಮಗಳ (1989) 119ನೇ ನಿಯಮದಂತೆ ಒಂದರ ಹಿಂದೊಂದು ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನ್ ಇಲ್ಲಿ ನಿಷಿದ್ಧ. ಆಗುಂಬೆ ಘಾಟಿಯ ತಿರುವಿನಲ್ಲಿ ಎದುರಿನವನಿಗೆ ಬೇಕಾದದ್ದು ಒಂದೇ ಸ್ವರ, ಅದೂ ತಕ್ಷಣ.

ಹೇಗೂ ತಂದಾಗಿದೆ. ಹಳೇ ಬ್ಯಾಟರಿಗೆ ತಗುಲಿಸಿ, ಮನೆಯ ಮಕ್ಕಳಿಗೆ ಹಿತ್ತಲಲ್ಲಿ ಒಮ್ಮೆ ಕೇಳಿಸಿ. ಐದರಲ್ಲಿ ‘ಸ’ ಯಾವುದೆಂದು ಅವರೇ ಹುಡುಕಲಿ. ಎಲ್ಲಕ್ಕಿಂತ ಉದ್ದದ ಕೊಳವೆ ಅದು.