ವ್ಯಾಕ್ಸಿಂಗ್ ನಿಲ್ಲಿಸದೆ ಐಪಿಎಲ್ ಫಲ ಕೊಡದು

ಎರಡು ತಿಂಗಳಿನಿಂದ ಐಪಿಎಲ್ ಸಾಧನ (ಬೆಳಕಿನ ಮಿಂಚುಗಳಿಂದ ಕೂದಲಿನ ಬೆಳವಣಿಗೆ ತಗ್ಗಿಸುವ ಉಪಕರಣ) ಬಳಸುತ್ತಿದ್ದರೂ ಕಾಲಿನ ಕೂದಲು ಮೊದಲಿನಷ್ಟೇ ಇರುವುದೇಕೆ ಎಂದು ಕೇಳಿದ್ದೀರಿ. ನೀವು ನಡುನಡುವೆ ವ್ಯಾಕ್ಸಿಂಗ್ ಮಾಡಿಸುತ್ತಿರುವುದೇ ಬಹುಮಟ್ಟಿಗೆ ಕಾರಣವಿರಬೇಕು. ಬೆಳಕನ್ನು ಹೀರಿ ಬಿಸಿಯಾಗುವುದು ಕೂದಲಿನಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ. ವ್ಯಾಕ್ಸ್ ಕೂದಲನ್ನು ಬುಡಸಮೇತ ಕಿತ್ತುಬಿಡುವುದರಿಂದ ಆ ಬಿಸಿಯನ್ನು ಕೂದಲು ಹುಟ್ಟುವ ಜಾಗಕ್ಕೆ ಮುಟ್ಟಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ. ನಾನೂ ಇದೇ ತಪ್ಪು ಮಾಡಿದ್ದೆ.

ವ್ಯಾಕ್ಸಿಂಗ್, ಎಪಿಲೇಟರ್ (ಕೂದಲು ಕೀಳುವ ಯಂತ್ರ) ಎರಡನ್ನೂ ಪೂರ್ತಿ ನಿಲ್ಲಿಸಿ, ಕೂದಲು ಮತ್ತೆ ಮೊಳೆಯಲು ಮೂರು ನಾಲ್ಕು ವಾರ ಬಿಡಿ. ಅನಂತರ ರೇಜರ್‌ನಿಂದ ನುಣ್ಣಗೆ ಬೋಳಿಸಿ, ಎಣ್ಣೆ ಕ್ರೀಮು ಹಚ್ಚದ ಒಣ ಚರ್ಮದ ಮೇಲೆ ಬಳಸಿ. ಸುಟ್ಟ ಕೂದಲಿನ ವಾಸನೆ ಬಂದರೆ ಬೋಳಿಸಿದ್ದು ಸಾಲದೆಂದು ತಿಳಿಯಿರಿ. ಮೊಣಕಾಲಿನ ಕೆಳಗೆ ಮೂಳೆ ಉಬ್ಬಿರುವಲ್ಲಿ ಸಾಧನದ ಗಾಜು ಓರೆಯಾಗಿ ಅಂಚಿನಿಂದ ಬೆಳಕು ಸೋರುತ್ತದೆ, ಆದ್ದರಿಂದ ಚರ್ಮವನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು ಹಿಡಿಯಿರಿ.

ನಿಮ್ಮ ಮೈಬಣ್ಣವನ್ನು ನೀವು ತಿಳಿಸಿಲ್ಲ. ಚರ್ಮದಲ್ಲಿಯೂ ಮೆಲನಿನ್ ಇರುವುದರಿಂದ, ಕಡುಕಂದು ಅಥವಾ ಬಿಸಿಲಿಗೆ ಕಪ್ಪಾದ ಚರ್ಮ ಸುಡುವ ಅಪಾಯ ನಿಜವಾದದ್ದು. ಕೈಪಿಡಿಯ ಬಣ್ಣದ ಪಟ್ಟಿಯಲ್ಲಿ ನಿಮ್ಮ ಬಣ್ಣ ನಿಷಿದ್ಧವೆಂದಿದ್ದರೆ ಸಾಧನವನ್ನು ಬಳಸಲೇಬೇಡಿ. ಇಲ್ಲವಾದರೆ ಅತಿ ಕಡಿಮೆ ಮಟ್ಟದಲ್ಲಿ ಒಂದೆಡೆ ಪರೀಕ್ಷಿಸಿ, 24 ಗಂಟೆ ಕಾದು, ಉರಿ ಬೊಕ್ಕೆಗಳಿಲ್ಲದಿದ್ದರೆ ಮುಂದುವರಿಯಿರಿ. ಮಚ್ಚೆ, ಹಚ್ಚೆಗಳ ಮೇಲೆ ಬೇಡ.

ಬೆಳೆಯುವ ಹಂತದಲ್ಲಿರುವ ಕೂದಲಿಗಷ್ಟೇ ಇದು ತಾಗುವುದರಿಂದ, ಕೈಪಿಡಿ ಹೇಳಿದ ಅಂತರದಲ್ಲಿಯೇ ಮೂರು ತಿಂಗಳು ಬಳಸಿ ನೋಡಿ. ನಡುವೆ ಕೂದಲು ಕಂಡರೆ ರೇಜರ್ ಮಾತ್ರ ಬಳಸಿ.