ಏರಿಯ ಆಚೆ ಇನ್ನೊಂದು ನಿರ್ವಾತ

ಪ್ರಶ್ನೆ: ನಮ್ಮ ವಿಶ್ವದ ನಿರ್ವಾತವು ‘ಮಿಥ್ಯಾ ನಿರ್ವಾತ’ವಾಗಿದ್ದು, ಅದಕ್ಕಿಂತ ಕೆಳಮಟ್ಟದ ಇನ್ನೊಂದು ನಿರ್ವಾತ ಇರಬಹುದೆಂದು ಓದಿದೆ. ಏನೂ ಇಲ್ಲದಿರುವುದೇ ನಿರ್ವಾತವಾದರೆ ಅದರಲ್ಲಿ ಎರಡು ಬಗೆ ಹೇಗೆ? ಇನ್ನೊಂದು ಇದೆಯೆಂದು ಪತ್ತೆ ಮಾಡುವುದಾದರೂ ಹೇಗೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಮಲ್ಲೇಶ್ವರ, ಬೆಂಗಳೂರು

ಉತ್ತರ: ಭೌತವಿಜ್ಞಾನದಲ್ಲಿ ನಿರ್ವಾತವೆಂದರೆ ಬರಿದಾದ ಜಾಗವಲ್ಲ. ಎಲ್ಲ ಕಣಗಳನ್ನೂ ತೆಗೆದ ಮೇಲೂ ಅಲ್ಲಿ ಕ್ಷೇತ್ರಗಳು ಉಳಿದಿರುತ್ತವೆ. ಅವು ಆಸುಪಾಸಿನ ಸ್ಥಿತಿಗಳಿಗಿಂತ ಕಡಿಮೆ ಶಕ್ತಿಯಲ್ಲಿ ನೆಲೆನಿಂತ ಸ್ಥಿತಿಯೇ ನಿರ್ವಾತ. ನಮ್ಮ ನಿರ್ವಾತದಲ್ಲಿ, ಮೂಲಕಣಗಳಿಗೆ ದ್ರವ್ಯರಾಶಿ ಕೊಡುವ ಹಿಗ್ಸ್ ಕ್ಷೇತ್ರದ ಮೌಲ್ಯ ಸೊನ್ನೆಯಲ್ಲ, ಸುಮಾರು 246 ಜಿಇವಿ (ಕಣವಿಜ್ಞಾನದಲ್ಲಿ ಶಕ್ತಿಯನ್ನೂ ದ್ರವ್ಯರಾಶಿಯನ್ನೂ ಅಳೆಯುವ ಮಾನ). ಎಲೆಕ್ಟ್ರಾನಿನ ದ್ರವ್ಯರಾಶಿ ಈ ಮೌಲ್ಯವನ್ನೇ ಅವಲಂಬಿಸಿದೆ. ಕ್ಷೇತ್ರವು ಬೇರೊಂದು ಮೌಲ್ಯದಲ್ಲಿ ನೆಲೆನಿಂತಿದ್ದರೆ ಪರಮಾಣುಗಳ ಗಾತ್ರವಾಗಲಿ, ನಾವು ಕಲಿತ ರಸಾಯನವಿಜ್ಞಾನವಾಗಲಿ ಹೀಗಿರುತ್ತಿರಲಿಲ್ಲ.

ನೀವು ಮಲ್ಲೇಶ್ವರದವರಾದ್ದರಿಂದ ಸ್ಯಾಂಕಿ ಕೆರೆಯನ್ನೇ ನೆನೆಯೋಣ. ಗಾಳಿಯಿಲ್ಲದ ಮುಂಜಾನೆ ಏರಿಯ ಮೇಲೆ ನಿಂತರೆ, ಇದಕ್ಕಿಂತ ತಗ್ಗು ಬೇರೆಲ್ಲೂ ಇಲ್ಲವೆಂಬಂತೆ ನೀರು ಅಲುಗಾಡದೆ ನಿಂತಿರುತ್ತದೆ. ಆದರೆ ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಏರಿ ತಡೆದಿರುವುದರಿಂದಲೇ ಆ ನೀರು ಅಲ್ಲಿ ನಿಂತಿದೆ. ಮಿಥ್ಯಾ ನಿರ್ವಾತವೂ ಹೀಗೆಯೇ: ಆಚೆ ಇನ್ನೂ ಕಡಿಮೆ ಶಕ್ತಿಯ ಸ್ಥಿತಿ ಇದ್ದರೂ ನಡುವಿನ ಶಕ್ತಿಯ ಏರಿಯೊಂದು ಕ್ಷೇತ್ರವನ್ನು ಈಚೆಯೇ ತಡೆದಿರುತ್ತದೆ. ಕೆರೆಯ ನೀರು ಹೊರಹೋಗಬೇಕಾದರೆ ಕೋಡಿ ಬೀಳಬೇಕು, ಇಲ್ಲವೇ ಏರಿ ಒಡೆಯಬೇಕು. ಕ್ವಾಂಟಂ ಕ್ಷೇತ್ರಕ್ಕಾದರೋ ಏರಿಯನ್ನು ಹತ್ತದೆಯೇ ಆಚೆ ಸೇರುವ ಅತ್ಯಲ್ಪ ಸಂಭವವಿದೆ. ಹಾಗಾದಾಗ ಹೊಸ ನಿರ್ವಾತವು ಒಂದು ಸಣ್ಣ ಗುಳ್ಳೆಯಾಗಿ ಹುಟ್ಟಿ, ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಹಿಗ್ಗುತ್ತದೆಂದು ಭೌತವಿಜ್ಞಾನಿ ಸಿಡ್ನಿ ಕೋಲ್‌ಮನ್ 1977ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದರ ಸುದ್ದಿಯನ್ನು ಹೊತ್ತ ಬೆಳಕೂ ಗುಳ್ಳೆಯೂ ಹೆಚ್ಚುಕಡಿಮೆ ಒಟ್ಟಿಗೇ ಬಂದು ತಲುಪುವುದರಿಂದ, ದೂರದರ್ಶಕದಲ್ಲಿ ಅದನ್ನು ಮುಂಚಿತವಾಗಿ ಕಾಣುವಂತಿಲ್ಲ.

ಆದ್ದರಿಂದ ಪತ್ತೆಯ ಮುಖ್ಯ ದಾರಿಯೆಂದರೆ ಕೆರೆಯೊಳಗೇ ಇದ್ದುಕೊಂಡು ಏರಿಯ ಆಕಾರವನ್ನು ಅಳೆಯುವುದು. 2012ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಸಿಕ್ಕ ಹಿಗ್ಸ್ ಕಣದ ದ್ರವ್ಯರಾಶಿ ಸುಮಾರು 125 ಜಿಇವಿ, 1995ರಲ್ಲಿ ಅಮೆರಿಕದ ಫರ್ಮಿಲ್ಯಾಬಿನಲ್ಲಿ ಪತ್ತೆಯಾದ, ನಮಗೆ ತಿಳಿದಿರುವ ಅತಿ ಭಾರದ ಮೂಲಕಣವಾದ ಟಾಪ್ ಕ್ವಾರ್ಕಿನದು ಸುಮಾರು 172.5 ಜಿಇವಿ. ಈ ಎರಡು ಅಳತೆಗಳನ್ನು ಸಮೀಕರಣಗಳಲ್ಲಿ ಹಾಕಿ ಮೇಲಿನ ಶಕ್ತಿಗಳತ್ತ ಲೆಕ್ಕ ಮುಂದುವರಿಸಿದರೆ, ಹಿಗ್ಸ್ ಕ್ಷೇತ್ರದ ಮೌಲ್ಯ ಸುಮಾರು 1,000 ಕೋಟಿ ಜಿಇವಿಯನ್ನು ಮೀರಿದ ಕಡೆ ಏರಿಯ ಆಚೆಯ ಇಳಿಜಾರು ಕಾಣಿಸಿಕೊಳ್ಳುತ್ತದೆ. ಟಾಪ್ ಕ್ವಾರ್ಕ್ ಒಂದೆರಡು ಜಿಇವಿಯಷ್ಟು ಹಗುರವಾಗಿದ್ದಿದ್ದರೆ ಆ ಇಳಿಜಾರೇ ಇರುತ್ತಿರಲಿಲ್ಲ. ಒಂದು ಕಣದ ತೂಕದಲ್ಲಿ ನೂರಕ್ಕೆ ಒಂದು ಪಾಲಿನ ವ್ಯತ್ಯಾಸವು ಇಡೀ ವಿಶ್ವದ ಸ್ಥಿರತೆಯನ್ನು ನಿರ್ಧರಿಸುತ್ತದೆ ಎಂಬುದು ಎಷ್ಟು ಬಾರಿ ಓದಿದರೂ ನನ್ನನ್ನು ಬೆರಗುಗೊಳಿಸುತ್ತದೆ. ಆದರೆ ನಡುವೆ ನಮಗೆ ತಿಳಿಯದ ಯಾವ ಕಣವೂ ಇಲ್ಲವೆಂದು ಊಹಿಸಿ ಮಾಡಿದ ಲೆಕ್ಕವಿದು. ಹೊಸ ಕಣವೊಂದು ಸಿಕ್ಕರೆ ಏರಿಯ ಚಿತ್ರವೇ ಬದಲಾಗಬಹುದು. ಹಿಗ್ಸ್ ಕಣವು ತನ್ನೊಡನೆ ತಾನೇ ಎಷ್ಟು ಬಲವಾಗಿ ವರ್ತಿಸುತ್ತದೆಂಬುದನ್ನು ನೇರವಾಗಿ ಅಳೆಯುವ ಕೆಲಸವೂ ಇನ್ನೂ ಬಾಕಿಯಿದೆ. ನನ್ನ ದೃಷ್ಟಿಯಲ್ಲಿ ಮುಂದಿನ ದಶಕಗಳ ಅತ್ಯಂತ ಮಹತ್ವದ ಅಳತೆ ಅದೇ.

ಎರಡನೆಯ ದಾರಿ ಆಕಾಶದ್ದು. ನಮ್ಮ ವಿಶ್ವವೇ ಹಿಂದೊಮ್ಮೆ ಹುಟ್ಟಿದ ಗುಳ್ಳೆಯಾಗಿದ್ದು, ಪಕ್ಕದ ಗುಳ್ಳೆಗೆ ತಾಗಿದ್ದರೆ, ಆದಿ ವಿಶ್ವದಿಂದ ಉಳಿದುಬಂದ ಬ್ರಹ್ಮಾಂಡದ ಹಿನ್ನೆಲೆ ವಿಕಿರಣದಲ್ಲಿ ದುಂಡನೆಯ ಕಲೆ ಉಳಿದಿರಬೇಕು. ಆ ವಿಕಿರಣವನ್ನು ಅಳೆದ ಡಬ್ಲ್ಯೂಮ್ಯಾಪ್ ಉಪಗ್ರಹದ ದತ್ತಾಂಶದಲ್ಲಿ ಅದನ್ನು ಹುಡುಕಿದವರಿಗೆ ಖಚಿತವಾದ ಗುರುತು ಸಿಗಲಿಲ್ಲ. ಆದಿ ವಿಶ್ವದಲ್ಲಿ ಗುಳ್ಳೆಗಳು ಒಂದಕ್ಕೊಂದು ಬಡಿದಿದ್ದರೆ ಗುರುತ್ವ ಅಲೆಗಳೂ ಎದ್ದಿರಬೇಕು. 2030ರ ದಶಕದಲ್ಲಿ ಬಾಹ್ಯಾಕಾಶಕ್ಕೆ ಹೋಗಲಿರುವ ಗುರುತ್ವ ಅಲೆಗಳ ವೀಕ್ಷಣಾಲಯ ಲೀಸಾ ಅವುಗಳಿಗೂ ಕಿವಿಗೊಡಲಿದೆ.

ಮೂರನೆಯದು ಪತ್ತೆಯಲ್ಲ, ಅನುಕರಣೆ. ಫ್ರೀಜರಿನಲ್ಲಿ ಅಲುಗಾಡದಂತೆ ಇಟ್ಟ ಶುದ್ಧ ನೀರಿನ ಬಾಟಲಿ ಕೆಲವೊಮ್ಮೆ ಸೊನ್ನೆ ಡಿಗ್ರಿಗಿಂತ ಕೆಳಗೂ ನೀರಾಗಿಯೇ ಇರುತ್ತದೆ. ಹೊರತೆಗೆದು ಮೇಜಿಗೆ ಕುಟ್ಟಿದರೆ ಒಂದು ಬಿಂದುವಿನಲ್ಲಿ ಹುಟ್ಟಿದ ಹರಳು ಕ್ಷಣಾರ್ಧದಲ್ಲಿ ಬಾಟಲಿಯನ್ನೆಲ್ಲ ಬೆಳ್ಳಗಾಗಿಸುತ್ತದೆ. ಇಟಲಿಯ ಟ್ರೆಂಟೊದಲ್ಲಿ ಅತಿಶೀತ ಸೋಡಿಯಂ ಪರಮಾಣುಗಳ ಮೋಡದಲ್ಲಿ ಇಂಥದೇ ಗುಳ್ಳೆಗಳು ಹುಟ್ಟುವುದನ್ನು ನೋಡಿದ ವಿಜ್ಞಾನಿಗಳು 2024ರಲ್ಲಿ ವರದಿ ಪ್ರಕಟಿಸಿದರು. ಕೋಲ್‌ಮನ್ನರ ಲೆಕ್ಕದ ಹಿಂದಿರುವ ಚಿತ್ರಣವನ್ನು ಪ್ರಯೋಗಾಲಯದ ಮೇಜಿನ ಮೇಲೆ ಪರಿಶೀಲಿಸಲು ಇದರಿಂದ ಸಾಧ್ಯವಾಗಿದೆ.

ಪ್ರಶ್ನೆ: ಸರ್ನ್‌ನಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವಾಗಲೇ ಈ ಏರಿ ಒಡೆದುಹೋದರೆ?
– ನಿವೃತ್ತ ಶಿಕ್ಷಕರು, ಬಸವನಗುಡಿ, ಬೆಂಗಳೂರು

ಉತ್ತರ: ನಿಮ್ಮ ಆತಂಕವನ್ನು ವಿಜ್ಞಾನಿಗಳೂ ಗಂಭೀರವಾಗಿಯೇ ಪರಿಗಣಿಸಿದ್ದಾರೆ. ಖಭೌತವಿಜ್ಞಾನಿಗಳಾದ ಪೀಟ್ ಹಟ್ ಮತ್ತು ಮಾರ್ಟಿನ್ ರೀಸ್ 1983ರಲ್ಲಿ ಕೊಟ್ಟ ಉತ್ತರ ಇಂದಿಗೂ ನಿಂತಿದೆ. ನಮ್ಮ ಯಂತ್ರಗಳಲ್ಲಿ ಆಗುವುದಕ್ಕಿಂತ ಹೆಚ್ಚು ಶಕ್ತಿಯ ಡಿಕ್ಕಿಗಳು ವಿಶ್ವಕಿರಣಗಳಿಂದಾಗಿ (ಬಾಹ್ಯಾಕಾಶದಲ್ಲಿ ಅತಿವೇಗದಿಂದ ಸಾಗುವ ಕಣಗಳಿಂದಾಗಿ) ಪ್ರಕೃತಿಯಲ್ಲಿ ನಡೆಯುತ್ತಲೇ ಬಂದಿವೆ. ಅವುಗಳಿಂದ ಏರಿ ಒಡೆಯುವಂತಿದ್ದರೆ 1,380 ಕೋಟಿ ವರ್ಷಗಳಲ್ಲಿ ಎಂದೋ ಒಡೆದಿರುತ್ತಿತ್ತು. ತಾನಾಗಿಯೇ ಒಡೆಯಲು ಬೇಕಾದ ಕಾಲವಂತೂ, ಇಂದಿನ ಲೆಕ್ಕದಂತೆ, ವಿಶ್ವದ ಈವರೆಗಿನ ವಯಸ್ಸಿಗಿಂತ ಹೋಲಿಸಲಾಗದಷ್ಟು ದೀರ್ಘವಾದುದು.