16 ಪುಟದ ಫಾರಂ: ಓದಲು ತಿಣುಕುವ ಹುಡುಗನೊಬ್ಬನ ಪ್ರಕರಣ

ಹೆಸರು, ಓಣಿ, ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಂದೆಯ ಕಸುಬನ್ನು ಮಾತ್ರ, ಅವರ ಒಪ್ಪಿಗೆ ಕೇಳಿ, ಇದ್ದಂತೆಯೇ ಉಳಿಸಿಕೊಂಡಿದ್ದೇನೆ. ಅದನ್ನು ತೆಗೆದರೆ ಹೇಳುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ಓದು ತೊಡಕಾದ ಮಕ್ಕಳನ್ನು ನನ್ನ ಹತ್ತಿರ ಕರೆತರುತ್ತಾರೆ. ಹಾಗೆ ಬಂದ ಈ ಹುಡುಗನನ್ನು ಮುತ್ತು ಎನ್ನೋಣ. ಗದಗ-ಬೆಟಗೇರಿಯವನು, ವಯಸ್ಸು 9, ನಾಲ್ಕನೇ ಇಯತ್ತೆ, ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆ. ತಂದೆ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಬೈಂಡಿಂಗ್ ಕೆಲಸದವರು. ತಾಯಿ ಖಾನಾವಳಿಯೊಂದಕ್ಕೆ ದಿನಾ ನೂರು ಜೋಳದ ರೊಟ್ಟಿ ಬಡಿದು ಕೊಡುತ್ತಾರೆ. ಆರನೇ ಇಯತ್ತೆ ಓದುವ ಅಕ್ಕ ಒಬ್ಬಳು, ಮನೆಯಲ್ಲಿ ಅಜ್ಜಿ.

ತಾಯಿ ಕೂತವರೇ ಚೀಲದಿಂದ ಒಂದು ರಸೀದಿ ತೆಗೆದು ನನ್ನ ಮುಂದಿಟ್ಟರು. ಮನೆ ಬಾಗಿಲಿಗೆ ಬಂದು ಮಾರಿ ಹೋದ ಕಲಿಕಾ ಆ್ಯಪ್‌ನದು. 36,000 ರೂಪಾಯಿ, ಕಂತಿನಲ್ಲಿ. ಮೂರು ಕಂತು ಕಟ್ಟಿದ್ದರು.

“ಇಷ್ಟೆಲ್ಲಾ ಮಾಡಿದ್ರೂ ನಮ್ಮ ಹುಡುಗಗ ಓದಾಕ ಬರಂಗಿಲ್ರೀ ಮೇಡಮ್. ಸಾಲ್ಯಾಗ ಕರದು, ಸ್ಪೆಷಲ್ ಟೀಚರ್ ಹಚ್ಚರಿ ಅಂದಾರ. ಹುಬ್ಬಳ್ಳ್ಯಾಗ ಒಬ್ಬರನ್ನ ಕೇಳಿದ್ವಿ, ತಿಂಗಳಿಗೆ ಆರು ಸಾವಿರ ಅಂದ್ರು. ಇವರ ಪಗಾರನ ಹದಿನಾಕು. ಎಲ್ಲಿಂದ ತರೂದ್ರಿ?”

ತಂದೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಮಗುವಿನ ಹಿನ್ನೆಲೆ ಬರೆಯುವ ಫಾರಂ ಕೊಟ್ಟೆ. “ಚಾಳೀಸ (ಕನ್ನಡಕ) ತಂದಿಲ್ರಿ” ಎಂದು ಹೆಂಡತಿಗೆ ದಾಟಿಸಿದರು. ಅವತ್ತಿನ ನನ್ನ ಟಿಪ್ಪಣಿಯಲ್ಲಿ “ತಂದೆಗೆ ಆಸಕ್ತಿ ಕಡಿಮೆ” ಎಂಬ ಸಾಲು ಇದೆ. ಅದನ್ನು ಅಳಿಸಿಲ್ಲ, ಹಾಗೇ ಇಟ್ಟುಕೊಂಡಿದ್ದೇನೆ.

ಹುಡುಗನ ಮುಂದೆ ಚಿತ್ರವಿರುವ ಒಂದು ಪುಟ ಇಟ್ಟೆ. ಕನ್ನಡದ್ದೇ. ಸಾಲು ಹೀಗಿತ್ತು: “ಅಜ್ಜಿ ಹಿತ್ತಲಲ್ಲಿ ಬಟ್ಟೆ ಒಣಗಿಸಿದಳು.” ಅಜ್ಜಿ ಎಂಬುದನ್ನು ಥಟ್ಟನೆ ಹೇಳಿದ. ಆಮೇಲೆ “ಹಿ... ತ... ಲ...” ಎಂದು ಎಳೆದ, ಒತ್ತನ್ನು ನುಂಗಿದ, ಚಿತ್ರದ ಕಡೆ ಕಣ್ಣು ಹಾಯಿಸಿ ಒಂದೇ ಉಸಿರಿಗೆ “ಅಜ್ಜಿ ಅರಿವಿ ಒಣಾ ಹಾಕ್ಯಾಳ್ರಿ” ಎಂದ. ಅರ್ಥ ಸರಿ. ಆದರೆ ಪುಟದಲ್ಲಿ ‘ಅರಿವಿ’ ಎಂಬ ಪದವೇ ಇಲ್ಲ, ಇರುವುದು ‘ಬಟ್ಟೆ’. ಹುಡುಗ ಅಕ್ಷರ ಬಿಟ್ಟು ಚಿತ್ರ ಓದಿದ್ದ, ಅದೂ ತನ್ನ ಮನೆಯ ಮಾತಿನಲ್ಲಿ. ಇಷ್ಟು ಜಾಣತನದಿಂದ ತಪ್ಪಿಸಿಕೊಳ್ಳುವ ಮಗು ಮೂರು ವರ್ಷ ತರಗತಿಯಲ್ಲಿ ಸಿಕ್ಕಿಬೀಳದೆ ದಾಟಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಚಿತ್ರ ಮುಚ್ಚಿ ಓದಿಸಿದೆ. ಮ ಮತ್ತು ವ ಅದಲುಬದಲು. ಕಿ, ಕೀ, ಕೆ ಎಲ್ಲವೂ ಒಂದೇ. ‘ಬಾಗಿಲು’ ಅನ್ನು, ‘ಗಿ’ ತೆಗೆದು ಹೇಳು ಎಂದರೆ ಬಹಳ ಹೊತ್ತು ಯೋಚಿಸಿ “ಬಾಗಿ” ಎಂದ. ಮೂರು ಸಾಲು ಆಗುವಷ್ಟರಲ್ಲಿ ಹಣೆ ಬೆವೆತಿತ್ತು. ನಿಲ್ಲಿಸಿ, ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದೆ. ನನ್ನ ಮೇಜಿನಿಂದ ಒಂದು ಹಾಳೆ ಎತ್ತಿಕೊಂಡ. ಒಮ್ಮೆ ಮಡಚಿದ, ಅಡ್ಡ ತಿರುಗಿಸಿ ಮತ್ತೊಮ್ಮೆ, ಇನ್ನೊಮ್ಮೆ. ಅಂಚನ್ನು ಉಗುರಿನಿಂದ ತೀಡಿದ.

“ಮೂರು ಮಡಿಕಿ, ಎಂಟು ಹಾಳಿ, ಹದಿನಾರು ಪುಟ. ಇದಕ್ಕ ಒಂದು ಫಾರಂ ಅಂತಾರ್ರಿ. 96 ಪುಟದ ಪುಸ್ತಕ ಅಂದ್ರ ಆರು ಫಾರಂ.”

ಲೆಕ್ಕ ನಾನು ಕೇಳಿರಲಿಲ್ಲ. ಇಂಥ ಹುಡುಗನನ್ನು ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿ ಓದಿಸುತ್ತಿದ್ದರಂತೆ.

ಹಣದ ಮಾತು ಬಂತು. ನನ್ನ ಅನುಭವದಲ್ಲಿ ಇಂಥ ಮನೆಗಳಲ್ಲಿ ದುಡ್ಡು ಪೋಲಾಗುವುದು ಹೆಚ್ಚಾಗಿ ಕ್ರಮ ತಪ್ಪುವುದರಿಂದ. ಮೊದಲು ಟ್ಯೂಷನ್, ಆಮೇಲೆ ಆ್ಯಪ್, ನಂತರ ನೆನಪಿನ ಶಕ್ತಿಯ ಔಷಧ, ಅಕ್ಷರ ದುಂಡಗಾಗಿಸುವ ಕ್ಲಾಸು, ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೈನ್’ ಶಿಬಿರ, ಬಣ್ಣದ ಕನ್ನಡಕ. ಎಲ್ಲ ಮುಗಿದ ಮೇಲೆ ಕಿವಿ ಪರೀಕ್ಷೆ. ಅದು ಮೊದಲು ಆಗಬೇಕಾದದ್ದು. ಆದ್ದರಿಂದ ನಾನು ಹೇಳಿದ ಮೊದಲ ಮಾತು, ಆ್ಯಪ್‌ನ ಕಂತು ನಿಲ್ಲಿಸುವಂತೆ ಇವತ್ತೇ ಬರಹದಲ್ಲಿ ಕೊಡಿ, ಪ್ರತಿ ಇಟ್ಟುಕೊಳ್ಳಿ. ಎರಡನೆಯದು, ಜಿಲ್ಲಾ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಕಣ್ಣು, ಕಿವಿ ಎರಡನ್ನೂ ತೋರಿಸಿ. ಮಕ್ಕಳಿಗಾಗಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂಬ ಸರ್ಕಾರಿ ಯೋಜನೆ 2013ರಿಂದ ಇದೆ. ಹದಿನೆಂಟು ವರ್ಷದವರೆಗಿನ ಮಕ್ಕಳಲ್ಲಿ ಅದು ಹುಡುಕುವ ತೊಂದರೆಗಳ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೂ ಸೇರಿದೆ. ಅದರ ತಂಡ ಅಂಗನವಾಡಿಗೆ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಹೋಗುತ್ತದೆ. ಮುತ್ತುವಿನಂಥ ಖಾಸಗಿ ಶಾಲೆಯ ಮಗು ಈ ಜಾಲದಿಂದ ಜಾರುತ್ತದೆ. ಫೀ ಕಟ್ಟುವವರಿಗೆ ಪುಕ್ಕಟೆ ತಪಾಸಣೆ ಇಲ್ಲ, ಇದೊಂದು ವಿಚಿತ್ರ.

ಕಣ್ಣು, ಕಿವಿ ಎರಡೂ ಸರಿ ಇದ್ದವು. ಮುಂದಿನ ಹೆಜ್ಜೆ ಧಾರವಾಡದ ಡಿಮ್ಹಾನ್ಸ್, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ಅಲ್ಲಿ ಮನೋವೈದ್ಯರೂ ಕ್ಲಿನಿಕಲ್ ಸೈಕಾಲಜಿಸ್ಟರೂ ಇದ್ದಾರೆ, ಶುಲ್ಕ ಸರ್ಕಾರಿ ದರದ್ದು. ಹೆಸರು ಕೇಳಿದ ಕೂಡಲೇ ಅಜ್ಜಿ ಎದ್ದು ನಿಂತರು. “ನನ್ನ ಮೊಮ್ಮಗಗ ಹುಚ್ಚು ಹಿಡದೈತೇನು, ಧಾರವಾಡಕ್ಕ ಕಳಸಾಕ?” ಬ್ರಿಟಿಷರ ಕಾಲದಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದ ಜಾಗ. ನಮ್ಮ ಕಡೆ ಯಾರಾದರೂ ತಿಕ್ಕಲು ಮಾತಾಡಿದರೆ ಧಾರವಾಡದ ಹೆಸರು ತೆಗೆಯುವ ಚೇಷ್ಟೆ ಇನ್ನೂ ಹೋಗಿಲ್ಲ. ನಾನು ವಾದಕ್ಕೆ ಹೋಗಲಿಲ್ಲ. “ಆಯೀ, ಇದು ಔಷಧ ಕೊಡೂ ಕೆಲಸ ಅಲ್ಲ. ಹುಡುಗ ಎಷ್ಟು ಶಾಣ್ಯಾ ಅದಾನ, ಓದು ಎಲ್ಲಿ ತೊಡಕಾಗೈತಿ, ಅಳೀತಾರ ಅಷ್ಟ. ನೀವೂ ಜೋಡಿ ಹೋಗಿ ನೋಡಕೊಂಡು ಬರ್ರಿ” ಎಂದೆ. ಹೋದರು. ಹುಬ್ಬಳ್ಳಿವರೆಗೆ ಸುಮಾರು 60 ಕಿಲೋಮೀಟರ್, ಅಲ್ಲಿಂದ ಮತ್ತೆ ಧಾರವಾಡ. ಸಾದಾ ಬಸ್ಸಿನಲ್ಲಿ ಹೆಂಗಸರಿಗೆ ಶಕ್ತಿ ಯೋಜನೆಯಿಂದ ಟಿಕೆಟ್ಟಿಗೆ ದುಡ್ಡಿಲ್ಲ, ಹುಡುಗನದು ಅರ್ಧ ಟಿಕೆಟ್. ಒಂದೇ ದಿನಕ್ಕೆ ಮುಗಿಯದು, ಎರಡು ಮೂರು ಸಲ ಹೋಗಬೇಕಾದೀತು, ರೊಟ್ಟಿಯ ಗಿರಾಕಿಗೆ ಮೊದಲೇ ಹೇಳಿಡಿ ಎಂದಿದ್ದೆ. ಶಾಲೆಯ ಮೂರು ವರ್ಷದ ಅಂಕಪಟ್ಟಿ, ತಿದ್ದದ ನೋಟ್‌ಬುಕ್ಕು, ಕ್ಲಾಸ್ ಟೀಚರ್ ಬರೆದ ಒಂದು ಪುಟ, ಇವನ್ನು ಜೊತೆಗೆ ಕಳಿಸಿದ್ದೆ. ಬರಿಗೈಯಲ್ಲಿ ಹೋದವರು ಅದಕ್ಕಾಗಿಯೇ ಇನ್ನೊಂದು ಸಲ ಅಲೆಯುತ್ತಾರೆ.

ವರದಿ ಬಂತು. ಬುದ್ಧಿಮಟ್ಟ ವಯಸ್ಸಿಗೆ ತಕ್ಕಂತೆ ಇದೆ, ಓದು ಮತ್ತು ಬರಹ ಒಂದನೇ ಇಯತ್ತೆಯ ಮಟ್ಟದಲ್ಲಿವೆ, ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಸರಿಯಿದ್ದೂ ಓದು ಬರಹ ಮಾತ್ರ ತೊಡಕಾಗುವುದು. ಅದರ ಒಂದು ಸಾಲು ನನ್ನನ್ನು ನಿಲ್ಲಿಸಿತು: ಕುಟುಂಬದಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂಬುದಕ್ಕೆ “ತಂದೆ” ಎಂದು ಉತ್ತರವಿತ್ತು.

ಮುಂದಿನ ಶನಿವಾರ ತಂದೆಯನ್ನು ಒಬ್ಬರನ್ನೇ ಕರೆದೆ. ಬಹಳ ಹೊತ್ತು ಪ್ರೆಸ್ಸಿನ ಮಾತೇ ಆಯಿತು. ಪ್ರತಿ ಫಾರಂನ ಬೆನ್ನಿನ ಮೇಲೆ ಒಂದು ಸಣ್ಣ ಕರಿ ಗುರುತು ಇರುತ್ತದಂತೆ. ಫಾರಂಗಳನ್ನು ಒಂದರ ಮೇಲೊಂದು ಇಟ್ಟರೆ ಆ ಗುರುತುಗಳು ಮೆಟ್ಟಿಲಿನಂತೆ ಇಳಿಯುತ್ತ ಬರಬೇಕು. ಒಂದು ಫಾರಂ ಹಿಂದುಮುಂದಾದರೂ ಮೆಟ್ಟಿಲು ಮುರಿಯುತ್ತದೆ. “ಇಪ್ಪತ್ತು ವರ್ಷಾತ್ರಿ, ನನ್ನ ಕೈಯಾಗ ಒಂದ ಪುಸ್ತಕಾನೂ ತಪ್ಪಿಲ್ಲ. ಆದ್ರ ಒಂದೂ ಓದಿಲ್ಲ.” ಏಳನೇ ಇಯತ್ತೆಯಲ್ಲಿ ಶಾಲೆ ಬಿಟ್ಟವರು. ಚಾಳೀಸು ಅವರ ಬಳಿ ಎಂದೂ ಇರಲಿಲ್ಲ.

ಓದಿನ ಈ ತೊಡಕು ಮನೆತನದಲ್ಲಿ ಹರಿದು ಬರುವುದು ಸಾಮಾನ್ಯ. ಅದನ್ನು ಅವರಿಗೆ ಹೇಳಿದೆ. ಅಪರಾಧ ಹೊರಿಸಿದಂತೆ ಆಗಬಾರದೆಂದು ಮಾತು ಹುಡುಕುತ್ತಿದ್ದೆ. ಅವರಿಗೆ ಹಗುರಾದಂತೆ ಕಂಡಿತು. “ಹಂಗಾರ ನಾ ದಡ್ಡ ಇದ್ದಿದ್ದಿಲ್ಲೇನ್ರಿ?” ಎಂದರು.

ಇನ್ನು ಕಲಿಸುವ ವಿಚಾರ. ಕನ್ನಡದ ವರ್ಣಮಾಲೆ 49 ಅಕ್ಷರದ್ದೇ ಆದರೂ ಕಾಗುಣಿತ, ಒತ್ತು ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಚೆನ್ನಾಗಿ ಕಲಿಯುವ ಮಕ್ಕಳಿಗೂ ಇದು ಮೂರು ನಾಲ್ಕು ವರ್ಷದ ಕೆಲಸ. ಹಾಗಾಗಿ ಒಂದನೇ ಇಯತ್ತೆಯ ಮಗು ಒತ್ತು ಬಿಟ್ಟಿತೆಂದು ಯಾರೂ ಗಾಬರಿಯಾಗಿ ನನ್ನ ಹತ್ತಿರ ಬರಬೇಡಿ. ನಾಲ್ಕನೆಯದರಲ್ಲಿ ಕಾಗುಣಿತವೇ ಕೂಡದಿದ್ದರೆ ಮಾತ್ರ ತಡ ಮಾಡಬೇಡಿ.

ಮನೆಗೆ ಕೊಟ್ಟ ಕೆಲಸ ದಿನಕ್ಕೆ 15 ನಿಮಿಷ, ವಾರಕ್ಕೆ ಆರು ದಿನ. ಮೊದಲ ಐದು ನಿಮಿಷ ತಾಯಿಯ ಪಾಲು. ರೊಟ್ಟಿ ಬಡಿಯುವ ಮುಂಚೆ ಪರಾತದಲ್ಲಿ ಜೋಳದ ಹಿಟ್ಟು ಹರವಿ, ಒಂದೇ ಒಂದು ಅಕ್ಷರದ ಸಾಲು: ಮ, ಮಾ, ಮಿ, ಮೀ. ಬೆರಳಿನಿಂದ ಬರೆಯುತ್ತ ಬಾಯಲ್ಲಿ ಹೇಳಬೇಕು. ಹಿಟ್ಟಿನಲ್ಲಿ ಮಾಂತ್ರಿಕ ಶಕ್ತಿಯೇನಿಲ್ಲ. ಕಣ್ಣು, ಕೈ, ಬಾಯಿ ಒಟ್ಟಿಗೆ ಒಂದೇ ಗುರುತಿಗೆ ಬೀಳಬೇಕು, ಅಷ್ಟೇ. ಮ ಮತ್ತು ವ ಒಂದೇ ವಾರ ಬೇಡ, ನಡುವೆ ಹದಿನೈದು ದಿನ ಬಿಡಿ. ಮುಂದಿನ ಐದು ನಿಮಿಷ ಅಕ್ಕನ ಜೊತೆ ಆಟ: ಪದ ಹೇಳಿ ಒಂದು ಅಕ್ಷರ ಕಿತ್ತು ಉಳಿದದ್ದು ಹೇಳುವುದು. ಇದಕ್ಕೆ ಪುಸ್ತಕ ಬೇಡ.

ಕೊನೆಯ ಐದು ನಿಮಿಷಕ್ಕೆ ಪುಸ್ತಕ ಬೇಕು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ, ಹಂತ 1ರಿಂದ 4ರವರೆಗೆ ವಿಂಗಡಿಸಿದ್ದಾರೆ, ಮೊಬೈಲಿನಲ್ಲೇ ತೆರೆಯುತ್ತವೆ. ಹಳ್ಳಿಯವರಾದರೆ ಪಂಚಾಯ್ತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಎನ್ನುತ್ತಾರೆ, ಮಕ್ಕಳ ಪುಸ್ತಕ ಕೇಳಿ ನೋಡಿ. ಮುತ್ತುವಿಗೆ ಇವ್ಯಾವೂ ಮೊದಲಿಗೆ ಹಿಡಿಸಲಿಲ್ಲ. ಚಿತ್ರ ಇದ್ದರೆ ಹಳೇ ಚಾಳಿ, ಚಿತ್ರ ಮುಚ್ಚಿದರೆ ಅಳು. ಆಗ ಹೊಳೆದದ್ದು ಫಾರಂ. ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ತುಂಡು ಹಾಳೆ ಬೇಕಾದಷ್ಟು. ಅಪ್ಪ ಮಡಚಿ, ಹೊಲಿದು, ಕತ್ತರಿಸಿ 16 ಪುಟದ ಖಾಲಿ ಪುಸ್ತಕ ಮಾಡುವುದು, ಮುತ್ತು ಪುಟಕ್ಕೊಂದು ಮಾತು ಹೇಳುವುದು, ಅಕ್ಕ ಅವನು ಹೇಳಿದ್ದನ್ನೇ ದಪ್ಪ ಅಕ್ಷರದಲ್ಲಿ ಬರೆಯುವುದು. ತಿದ್ದುವ ಹಾಗಿಲ್ಲ. ‘ಅರಿವಿ’ ಎಂದರೆ ‘ಅರಿವಿ’ ಎಂದೇ. ಬರೆದದ್ದು ತನ್ನದೇ ಮಾತಾದ್ದರಿಂದ ಮುಂದಿನ ಪದ ಏನೆಂದು ಗೊತ್ತು, ಆದರೂ ಬೆರಳಿಟ್ಟು ಅಕ್ಷರ ಕೂಡಿಸಿ ತೋರಿಸಬೇಕು. ವಾರಕ್ಕೊಂದು ಪುಸ್ತಕ.

ಆರು ಸಾವಿರದ ಟೀಚರ್ ಬೇಡವೇ ಬೇಡ ಎಂದು ನಾನು ಹೇಳಲಿಲ್ಲ. ಮನೆಯ ಕೆಲಸವಷ್ಟೇ ಸಾಲದು, ಗೊತ್ತಿದ್ದವರು ಆಗಾಗ ನೋಡಬೇಕು. ವಿಶೇಷ ಶಿಕ್ಷಕರೆಂದು ಹೇಳಿಕೊಳ್ಳುವವರನ್ನು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಎದ್ದು ಬನ್ನಿ. ದಿನಾ ಬರುವ ಬದಲು ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ, ಅದರಲ್ಲಿ ಅರ್ಧ ತಾಯಿಗೆ ಹೇಳಿಕೊಡಲು, ಎಂದು ಕೇಳಿಕೊಂಡಾಗ ಇವರಿಗೆ ತಿಂಗಳಿಗೆ ಒಂದು ಸಾವಿರಕ್ಕೆ ಒಬ್ಬರು ಒಪ್ಪಿದರು.

ಶಾಲೆಯ ಮಾತೇ ಕಷ್ಟದ್ದು. ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದೆ: ಎಲ್ಲರೆದುರು ಓದಿಸಬೇಡಿ, ಉತ್ತರ ಬಾಯಲ್ಲಿ ಕೇಳಿ, ಬೆಂಚಿನ ಮೇಲೆ ನಿಲ್ಲಿಸುವುದು ನಿಲ್ಲಲಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂಬುದನ್ನು ವಿನಯದಿಂದಲೇ ಸೇರಿಸಿದೆ. ಬೆಂಚು ನಿಂತಿತು, ಉಳಿದದ್ದು ಹಾಗೇ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗೆ ಹಾಕೋಣವೇ ಎಂದು ತಂದೆ ಕೇಳಿದಾಗ ತಾಯಿ ಅತ್ತರು. ರೊಟ್ಟಿ ಬಡಿದು ಕಟ್ಟಿದ ಫೀ ಅದು, ಇಂಗ್ಲಿಷ್ ಎಂಬ ಆಸೆಗೆ. ನಾನು ತೀರ್ಮಾನ ಅವರಿಗೇ ಬಿಟ್ಟೆ, ಆದರೆ ನನ್ನ ಅಭಿಪ್ರಾಯ ಮುಚ್ಚಿಡಲಿಲ್ಲ: ಆಡುವ ಭಾಷೆಯಲ್ಲೇ ಅಕ್ಷರ ಕೂಡದ ಮಗುವಿನ ಮೇಲೆ ಎರಡನೆಯ ಲಿಪಿಯ ಹೊರೆ ಸದ್ಯಕ್ಕೆ ಜಾಸ್ತಿ. ಇಂಗ್ಲಿಷನ್ನು ಮುಂದೂಡಬಹುದು, ಬಿಟ್ಟಂತಲ್ಲ. ಸರ್ಕಾರಿ ಶಾಲೆಯಾದರೆ ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ವಿಶೇಷ ಸಂಪನ್ಮೂಲ ಶಿಕ್ಷಕರ (ಬಿಐಇಆರ್‌ಟಿ) ನೆರವು ಕೇಳಬಹುದು. ಜೂನ್‌ನಲ್ಲಿ ಶಾಲೆ ಬದಲಾಯಿತು.

ಈ ಕಲಿಕಾ ನ್ಯೂನತೆಗೆ ಸರ್ಕಾರ ಕೊಡುವ ಪ್ರಮಾಣಪತ್ರದ ಬಗ್ಗೆ ತಾಯಿಗೆ ಇನ್ನೂ ಹಿಂಜರಿಕೆ ಇದೆ. “ಅಂಗವಿಕಲ ಅಂತ ಬರೀತಾರೇನ್ರಿ?” 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ಇದೂ ಒಂದು, ಹಾಗಾಗಿ ಹೌದು. ಎಂಟು ವರ್ಷ ತುಂಬಿದ ಮೇಲೆ ಕೊಡುತ್ತಾರೆ, 14ಕ್ಕೆ, 18ಕ್ಕೆ ಮತ್ತೆ ಪರೀಕ್ಷಿಸುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು ಬೇಕಾದರೆ ಇದು ಬೇಕು. ಇವತ್ತು ಕಾಗುಣಿತ ಕಲಿಯಲು ಬೇಕಿಲ್ಲ. ವರದಿಯ ಮೂಲಪ್ರತಿ ಜೋಪಾನವಾಗಿಡಿ, ಅರ್ಜಿ ಬರುವ ವರ್ಷ ಹಾಕಿದರಾಯಿತು ಎಂದೆ.

ಎಂಟು ತಿಂಗಳಾದವು. ಓದು ಈಗ ಎರಡನೇ ಇಯತ್ತೆಯ ಆಸುಪಾಸಿಗೆ ಬಂದಿದೆ. ನಿಧಾನ. ಒತ್ತು ಹತ್ತಕ್ಕೆ ನಾಲ್ಕು ಸಲ ಇನ್ನೂ ಬಿಡುತ್ತಾನೆ. ಮೊನ್ನೆ ತನ್ನ ಇಪ್ಪತ್ತಾರನೆಯ ಪುಸ್ತಕ ತಂದಿದ್ದ, ಅಪ್ಪನ ಪ್ರೆಸ್ಸಿನ ಮೇಲೆ. “ಅಪ್ಪ ಲಗ್ನದ ಕಾರ್ಡು ಮಡಚತಾನ” ಎಂಬಲ್ಲಿ ಬೆರಳು ನಿಂತಿತು. ಅರ್ಕಾವತ್ತು. ಡು ಆದ ಮೇಲೆ ಬರೆದ ಗುರುತನ್ನು ಡುಗಿಂತ ಮುಂಚೆ ಓದಬೇಕು ಎಂಬುದು ಅವನಿಗೆ ಒಪ್ಪಿಗೆಯೇ ಇಲ್ಲ.

“ಇದು ಹಿಂದ ಮುಂದ ಆಗೈತಿ,” ಎಂದು ಅಪ್ಪನ ಕಡೆ ಪುಸ್ತಕ ಹಿಡಿದ. “ಫಾರಂ ತಪ್ಪೈತೆನು ನೋಡ.”

ಅಪ್ಪ ಹತ್ತಿರ ಬಂದು ಕೂತರು. ಇಬ್ಬರೂ ಆ ಪದದ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಮುಂದಿನ ಭೇಟಿ ಎರಡನೇ ಶನಿವಾರ.